ಹಚ್ಚಿದ ಮೇಲೆ

ಯಾರಾದರೂ ನನ್ನ ಉದ್ಯೋಗ ಕೇಳಿದರೆ ನಾನು ಮೊದಲು ಒಂದು ಸಲ ಕೆಮ್ಮುತ್ತೇನೆ. ಆಮೇಲೆ ‘ಬರೆಯುತ್ತೇನೆ’ ಎನ್ನುತ್ತೇನೆ. ಎದುರಿನವರ ಮುಖ ಅರಳುತ್ತದೆ. ‘ಕಥೆಯೋ ಕವಿತೆಯೋ?’ ಎನ್ನುತ್ತಾರೆ. ‘ಮಷೀನಿನ ಪುಸ್ತಕ’ ಎಂದ ಕೂಡಲೇ ಅರಳುತ್ತಿದ್ದ ಮುಖ ಅರ್ಧಕ್ಕೇ ನಿಲ್ಲುತ್ತದೆ. ಹೊಸ ಯಂತ್ರದ ಪೆಟ್ಟಿಗೆ ಬಿಚ್ಚಿದಾಗ ಥರ್ಮಕೋಲಿನ ಕೆಳಗೆ, ಸಣ್ಣ ಪ್ಲಾಸ್ಟಿಕ್ ಚೀಲದೊಳಗೆ ಒಂದು ತೆಳ್ಳನೆಯ ಪುಸ್ತಕ ಸಿಗುತ್ತದಲ್ಲ, ‘ಇದೇನೋ’ ಎಂದು ನೀವು ಅದನ್ನು ಪಕ್ಕಕ್ಕಿಡುತ್ತೀರಲ್ಲ, ಅದನ್ನು ಬರೆಯುವವನು ನಾನು. ನಮ್ಮ ವಂಶದಲ್ಲಿ ಡಿಗ್ರಿ ಪಡೆದ ಮೊದಲ ಮನುಷ್ಯ. ಕನ್ನಡ ಮೇಜರ್, ಫಸ್ಟ್ ಕ್ಲಾಸ್. ಇದನ್ನು ಇಲ್ಲಿ ಹೇಳುವ ಅಗತ್ಯವಿರಲಿಲ್ಲ, ಆದರೆ ಇದನ್ನು ಹೇಳದೆ ನಾನು ಯಾವ ಮಾತನ್ನೂ ಶುರು ಮಾಡಿದವನಲ್ಲ.

ಬೈಲಹೊಂಗಲದಿಂದ ಕಿತ್ತೂರಿಗೆ ಹೋಗುವ ರಸ್ತೆಯ ಬದಿಗೆ ನಮ್ಮ ಕಾರ್ಖಾನೆ ಇದೆ. ಶಾವಿಗೆ ಮಷೀನು, ಖಾರ ಕುಟ್ಟುವ ಮಷೀನು, ಮನೆಗಿರಣಿ, ಔಷಧ ಹೊಡೆಯುವ ಪಂಪು, ದನಗಳ ಮೇವಿಗೆ ಕಣಿಕಿಯ ದಂಟು ಕತ್ತರಿಸುವ ಮಷೀನು, ಹೀಗೆ ಹನ್ನೊಂದು ಬಗೆ. ಮಾಲೀಕರನ್ನು ನಾವು ಸಾವಕಾರ್ರು ಎನ್ನುತ್ತೇವೆ. ಮೊದಲು ಹನ್ನೊಂದು ಯಂತ್ರಕ್ಕೆ ಹನ್ನೊಂದು ಪುಸ್ತಕವನ್ನು ನಾನು ಬೇರೆ ಬೇರೆಯಾಗಿಯೇ ಬರೆಯುತ್ತಿದ್ದೆ. ಆಮೇಲೆ ಕಾರ್ಖಾನೆಗೆ ವೆಬ್‌ಸೈಟ್ ಬಂತು. ಮೊಬೈಲಿನಲ್ಲಿ ತೋರಿಸಿದರೆ ಪುಟ ತೆರೆಯುವ ಕಪ್ಪು ಚೌಕವನ್ನು ಯಂತ್ರದ ಬೆನ್ನಿಗೆ ಅಂಟಿಸುವುದು ಬಂತು. ಒಂದೇ ಮಾತನ್ನು ಮೂರು ಕಡೆ ತಿದ್ದುವುದರಲ್ಲಿ ನನ್ನ ಮಣಿಕಟ್ಟು ಸವೆಯಿತು. ಆಗ ಬೆಂಗಳೂರಿನ ಒಬ್ಬ ಮೇಡಂ ಕಂಪ್ಯೂಟರಿನ ಪರದೆಯ ಮೇಲೆ ಬಂದು ಮೂರು ದಿನ ಪಾಠ ಹೇಳಿದರು.

ಅವರು ಹೇಳಿದ್ದು ಇಷ್ಟು. ಪುಸ್ತಕ ಬರೆಯಬೇಡಿ, ತುಣುಕು ಬರೆಯಿರಿ. ‘ಸ್ವಚ್ಛ ಮಾಡುವುದು’ ಒಂದು ತುಣುಕು, ‘ಎಣ್ಣೆ ಹಾಕುವುದು’ ಒಂದು ತುಣುಕು. ಯಾವ ಯಂತ್ರಕ್ಕೆ ಯಾವುದು ಬೇಕೋ ಅದನ್ನು ಎತ್ತಿ ಜೋಡಿಸಿದರೆ ಪುಸ್ತಕವೂ ಆಯಿತು, ವೆಬ್ ಪುಟವೂ ಆಯಿತು. ಒಂದು ಕಡೆ ತಿದ್ದಿದರೆ ಅದು ಇರುವ ಎಲ್ಲ ಕಡೆಯೂ ತಿದ್ದಿದಂತೆ. ‘ಆದರೆ ನೆನಪಿಡಿ ಸರ್, ಪ್ರತಿಯೊಂದು ತುಣುಕೂ ತನ್ನ ಕಾಲ ಮೇಲೆ ತಾನು ನಿಲ್ಲಬೇಕು’ ಎಂದರು. ನಾನು ಗಂಭೀರವಾಗಿ ಬರೆದುಕೊಂಡೆ. ಒಳಗೊಳಗೇ ನಗು ಬರುತ್ತಿತ್ತು. ಏಕೆಂದರೆ ಈ ವಿದ್ಯೆಯನ್ನು ನಾನು ಏಳನೇ ಇಯತ್ತೆಯಲ್ಲೇ ಮಾಡಿ ಮುಗಿಸಿದ್ದೆ.

ನಮ್ಮಪ್ಪ ಹತ್ತಿ ಪೇಟೆಯಲ್ಲಿ ಹಮಾಲ. ಹತ್ತಿ ತುಂಬಿದ ಅಂಡಿಗೆಗಳ ಮೇಲೆ ಕರಿ ಬಣ್ಣದಲ್ಲಿ ಬರೆದ ಅಕ್ಷರಗಳನ್ನು ಆಕಾರದಿಂದಲೇ ಗುರುತು ಹಿಡಿದು, ಯಾವ ಅಂಗಡಿಯ ಹತ್ತಿ ಯಾವ ಲಾರಿಗೆ ಎಂದು ತಪ್ಪದೆ ಏರಿಸುತ್ತಿದ್ದ. ‘ಅ’ ಎನ್ನುವುದು ಅವನಿಗೆ ‘ಸೊಂಡಿಲು ಮಡಚಿದ ಆನಿ’. ಬಿಡುವಿನ ಹೊತ್ತಿನಲ್ಲಿ ನನ್ನನ್ನು ಹತ್ತಿಯ ರಾಶಿಯ ಮೇಲೆ ಕೂಡಿಸಿ, ‘ಓದ ನೋಡೋಣು’ ಎಂದು ಅಂಡಿಗೆ ತೋರಿಸುತ್ತಿದ್ದ. ನಾನು ಓದಿದರೆ ಪಕ್ಕದ ಹಮಾಲರ ಕಡೆ ತಿರುಗಿ, ‘ಕೇಳಿದ್ರ್ಯಾ?’ ಎನ್ನುತ್ತಿದ್ದ. ಸರಿ ಓದಿದೆನೋ ತಪ್ಪು ಓದಿದೆನೋ ಅವರಲ್ಲಿ ಯಾರಿಗೂ ಗೊತ್ತಾಗುತ್ತಿರಲಿಲ್ಲ. ವಿಮರ್ಶಕರೇ ಇಲ್ಲದ ಆ ದಿನಗಳ ಸುಖ ಮತ್ತೆ ಸಿಗಲಿಲ್ಲ.

ನಮ್ಮ ಓಣಿಯಲ್ಲಿ ಬರೆಯಬಲ್ಲವನು ನಾನೊಬ್ಬನೇ ಆದ್ದರಿಂದ ಹೆಂಗಸರೆಲ್ಲ ನನ್ನಿಂದ ಕಾಗದ ಬರೆಸುತ್ತಿದ್ದರು. ಹತ್ತಾರು ಕಾಗದ ಬರೆದ ಮೇಲೆ ನನಗೊಂದು ಗುಟ್ಟು ಹೊಳೆಯಿತು. ಎಲ್ಲ ಕಾಗದಗಳೂ ನಾಲ್ಕೈದು ತುಂಡುಗಳಿಂದ ಆದಂಥವು. ‘ಇತ್ತ ಕಡೆ ಎಲ್ಲರೂ ಕ್ಷೇಮ’ದ ತುಂಡು, ಮಳೆಯ ತುಂಡು, ಮೊಣಕಾಲು ನೋವಿನ ತುಂಡು, ‘ಕಾಗದ ಕಂಡ ಕೂಡಲೇ ಬರುವುದು’ ಎಂಬ ತುಂಡು. ಅವರು ಹೇಳುವ ಮೊದಲೇ ನಾನು ಅರ್ಧ ಕಾಗದ ಮುಗಿಸಿರುತ್ತಿದ್ದೆ. ಒಂದು ಮನೆಗಾಗಿ ಬರೆದ ‘ನಮ್ಮ ಎಮ್ಮೆ ಈದಿದೆ, ಹಾಲು ಹೈನು ಸಮೃದ್ಧಿಯಾಗಿದೆ’ ಎಂಬ ಸಾಲು ನನಗೆ ಬಹಳ ಸೊಗಸಾಗಿ ಕಂಡಿತ್ತು. ಅದಿಲ್ಲದ ಕಾಗದ ಬೋಳುಬೋಳಾಗಿ ಕಾಣುತ್ತಿತ್ತು. ಹಾಗಾಗಿ ಅದನ್ನು ಎಲ್ಲರ ಕಾಗದದಲ್ಲೂ ಒಂದು ಅಲಂಕಾರವೆಂದು ಸೇರಿಸತೊಡಗಿದೆ.

ಪಕ್ಕದ ಮನೆಯ ಶಿವವ್ವ ಅತ್ತೆ ದೊಡವಾಡದ ತನ್ನ ಬೀಗರಿಗೆ ನನ್ನಿಂದ ಕಾಗದ ಬರೆಸಿದಳು. ಎಂಟು ದಿನದ ಮೇಲೆ ದೊಡವಾಡದ ಬಸ್ಸಿನಿಂದ ಬೀಗಿತ್ತಿ, ಇಬ್ಬರು ನಾದಿನಿಯರು ಇಳಿದರು. ಕೈಯಲ್ಲಿ ಗಿಣ್ಣ ಒಯ್ಯಲು ದೊಡ್ಡದೊಂದು ಮುಚ್ಚಳದ ಡಬ್ಬಿ. ಶಿವವ್ವ ಅತ್ತೆಯ ಮನೆಯಲ್ಲಿ ಇದ್ದದ್ದು ಎರಡು ಕೋಳಿ. ಬೀಗಿತ್ತಿ ಹಿತ್ತಲಿಗೆ ಹೋಗಿ ನೋಡಿದಳು, ಮುಂದೆ ಬಂದು ನೋಡಿದಳು. ‘ಎಮ್ಮಿ ಎಲ್ಲಿ ಮೇಯಾಕ ಹೋಗೇತ್ರಿ?’ ಎಂದು ಕೇಳಿದಳು. ಶಿವವ್ವ ಅತ್ತೆ ‘ಯಾವ ಎಮ್ಮಿರಿ?’ ಎಂದಳು. ಮುಂದಿನದನ್ನು ನಾನು ನೋಡಲಿಲ್ಲ. ಹತ್ತಿ ಪೇಟೆಯ ಕಡೆ ಓಡಿದ್ದೆ.

ಅವತ್ತು ಅವ್ವ ಹೊಡೆಯಲಿಲ್ಲ. ಸುಮ್ಮನೆ ಒಂದು ಕಾನೂನು ಮಾಡಿದಳು. ‘ಇನ್ನ ಮ್ಯಾಲ ನೀ ಏನ ಬರದ್ರೂ ನನ್ನ ಮುಂದ ಓದಿ, ಆಮ್ಯಾಲ ಕೊಡು.’ ಓದು ಬಾರದ ನನ್ನವ್ವ ಅಂದಿನಿಂದ ನನ್ನ ಸಂಪಾದಕಿ. ಕಾಗದ, ಪರೀಕ್ಷೆಯ ಪ್ರಬಂಧ, ನೌಕರಿಯ ಅರ್ಜಿ, ಎಲ್ಲವನ್ನೂ ಅವಳ ಮುಂದೆ ಓದಿದ್ದೇನೆ. ಅವಳು ರೊಟ್ಟಿ ಬಡಿಯುತ್ತಲೋ ಜೋಳ ಹಸನು ಮಾಡುತ್ತಲೋ ಕೇಳುತ್ತಾಳೆ. ಸರಿಯಿದ್ದರೆ ‘ಹೂಂ’ ಎನ್ನುತ್ತಾಳೆ. ಸರಿಯಿಲ್ಲದಿದ್ದರೆ ಕೈ ನಿಲ್ಲುತ್ತದೆ.

ಅಪ್ಪ ತೀರಿಕೊಂಡು ಬಹಳ ವರ್ಷವಾಯಿತು. ನನ್ನ ಮೊದಲ ಶಾವಿಗೆ ಮಷೀನಿನ ಪುಸ್ತಕವನ್ನು ಅವನು ನೋಡಿದ್ದ. ಅಂಗಿಯ ಜೇಬಿನಲ್ಲಿಟ್ಟುಕೊಂಡು ಪೇಟೆಯ ತುಂಬ ಅಡ್ಡಾಡಿ, ಮಷೀನು ಕೊಳ್ಳುವ ಯಾವ ಉದ್ದೇಶವೂ ಇಲ್ಲದವರಿಗೆಲ್ಲ ತೋರಿಸಿದ್ದ.

ಈಗ ಅಸಲು ಮಾತಿಗೆ ಬರುತ್ತೇನೆ. ಬೆಂಗಳೂರಿನ ಮೇಡಂ ಮಾದರಿಗೆಂದು ಕೊಟ್ಟ ತುಣುಕುಗಳಲ್ಲಿ ‘ಯಂತ್ರವನ್ನು ಚಾಲನೆಗೊಳಿಸಿ’ ಎಂದಿತ್ತು. ಸಾವಕಾರ್ರು ಓದಿ, ‘ಇದನ್ನ ಓದಿದ್ರ ನಮ್ಮ ಮಂದಿ ಮಷೀನಕ್ಕ ಕೈ ಮುಗದು ಕುಂದರತಾರ. ನಮ್ಮ ಮಾತಿನ್ಯಾಗ ಬರಿಯೋ’ ಎಂದರು. ನನಗೂ ಅದೇ ಬೇಕಾಗಿತ್ತು. ಎದೆಯುಬ್ಬಿಸಿ ‘ಹಚ್ಚಿ’ ಎಂದು ಬರೆದೆ. ನಮ್ಮ ಕಡೆಯ ಈ ‘ಹಚ್ಚು’ ಎಂಬ ಮಾತಿನ ಶಕ್ತಿ ಬೇರೆಯವರಿಗೆ ತಿಳಿಯದು. ದೀಪ ಹಚ್ಚುತ್ತೇವೆ, ಫ್ಯಾನು ಹಚ್ಚುತ್ತೇವೆ, ಫೋನು ಹಚ್ಚುತ್ತೇವೆ. ಹೊಲದಲ್ಲಿ ಸಸಿ ಹಚ್ಚುತ್ತೇವೆ, ನೆರಳಿಗೆ ಗಾಡಿ ಹಚ್ಚುತ್ತೇವೆ, ತಲೆಗೆ ಎಣ್ಣೆ ಹಚ್ಚುತ್ತೇವೆ, ಬಿಡುವಿದ್ದರೆ ಇಬ್ಬರ ನಡುವೆ ಜಗಳ ಹಚ್ಚುತ್ತೇವೆ. ನನ್ನನ್ನು ಅಪ್ಪ ಶಾಲೆಗೆ ಹಚ್ಚಿದ್ದೂ ಇದೇ ಮಾತಿನಿಂದ. ಇಂಥ ಒಂದು ಕ್ರಿಯಾಪದ ಇದ್ದರೆ ಹನ್ನೊಂದು ಯಂತ್ರಗಳನ್ನು ಆಳಬಹುದು ಎಂದುಕೊಂಡೆ.

ತುಣುಕುಗಳಿಗೆ ಹೆಸರಿಡುವಾಗಲೂ ಅದನ್ನೇ ಬಳಸಿದೆ. ‘ಹಚ್ಚಿದ ಮೇಲೆ - ೧’ ಎಂಬುದು ಶಾವಿಗೆ ಮಷೀನಿಗಾಗಿ ಬರೆದದ್ದು. ಅಚ್ಚಿನ ತಟ್ಟೆಗೆ ಎಣ್ಣೆ ಹಚ್ಚುವ ಸಾಲಿನ ನಂತರ ಅದು ಬರಬೇಕು: ‘ಹಚ್ಚಿದ ಮೇಲೆ ಬೆರಳಿನಿಂದ ಒಮ್ಮೆ ಸವರಿ, ಎಲ್ಲ ಕಡೆಗೂ ಸಮನಾಗಿ ಹತ್ತಿದೆಯೇ ನೋಡಿ.’ ‘ಹಚ್ಚಿದ ಮೇಲೆ - ೨’ ಎಂಬುದು ಮೋಟಾರಿನದು: ‘ಹಚ್ಚಿದ ಮೇಲೆ ಒಂದು ನಿಮಿಷ ಖಾಲಿ ಓಡಲು ಬಿಡಿ.’ ಎರಡೂ ನಿರುಪದ್ರವಿ. ಬೇರೆ ಬೇರೆಯಾಗಿ ಅವ್ವನ ಮುಂದೆ ಓದಿದಾಗ ಅವಳು ಎರಡಕ್ಕೂ ‘ಹೂಂ’ ಎಂದಿದ್ದಳು.

ಈ ವರ್ಷ ಕಣಿಕಿ ಕತ್ತರಿಸುವ ಮಷೀನಿನ ಹೊಸ ಮಾದರಿ ಬಂತು. ಅದರ ಪುಸ್ತಕವನ್ನು ನಾನು ಅರ್ಧ ದಿನದಲ್ಲಿ ಜೋಡಿಸಿ ಮುಗಿಸಿದೆ. ಹೊಸದಾಗಿ ಒಂದಕ್ಷರ ಬರೆಯುವ ಕೆಲಸವಿರಲಿಲ್ಲ. ಎಲ್ಲವೂ ಹಳೆಯ ತುಣುಕು, ಎಲ್ಲವೂ ಅವ್ವ ಕೇಳಿದ್ದೇ. ಇನ್ನೊಮ್ಮೆ ಓದುವುದೇಕೆ ಎಂದು ನೇರವಾಗಿ ಅಚ್ಚಿಗೆ ಕಳಿಸಿದೆ. ಅಚ್ಚಾಗಿ ಬಂದ ದಿನವೇ ಮೊದಲ ಮಷೀನು ಮನೋಳಿಯ ಗಂಗವ್ವ ಎಂಬವರ ಮನೆಗೆ ಹೋಯಿತು. ಎರಡು ದಿನ ಬಿಟ್ಟು, ಎರಡನೆಯ ಮಷೀನು ಇನ್ನೂ ಹೊರಗೆ ಹೋಗುವ ಮೊದಲು, ಒಂದು ಪುಸ್ತಕವನ್ನು ಮನೆಗೆ ಒಯ್ದೆ. ಮಧ್ಯಾಹ್ನ ಊಟವಾದ ಮೇಲೆ, ಅದರ ಬಣ್ಣದ ರಟ್ಟು ತೋರಿಸುವ ಸಂತೋಷಕ್ಕಾಗಿಯೇ ಅವ್ವನ ಮುಂದೆ ಓದತೊಡಗಿದೆ. ಅವಳು ಮೊರದಲ್ಲಿ ಜೋಳ ಕೇರುತ್ತಿದ್ದಳು. ‘ಮೋಟಾರ್ ಹಚ್ಚಿ. ಹಚ್ಚಿದ ಮೇಲೆ ಬೆರಳಿನಿಂದ ಒಮ್ಮೆ ಸವರಿ, ಎಲ್ಲ ಕಡೆಗೂ...’

ಮೊರ ನಿಂತಿತು.

‘ತಡಿ. ಏನ ಹಚ್ಚಬೇಕಂದಿ?’

‘ಮೋಟಾರ.’

‘ಹಚ್ಚಿ?’

‘ಹಚ್ಚಿ, ಸವರಿ ನೋಡಬೇಕು.’

‘ಏನನ್ನ ಸವರಬೇಕೊ?’

‘ಎಣ್ಣೀನವಾ. ಎಣ್ಣಿ ಹಚ್ಚಿರತಾರಲ್ಲ, ಅದನ್ನ.’

‘ಎಣ್ಣಿ ಎಲ್ಲಿಂದ ಬಂತು? ನೀ ಓದಿದ್ರಾಗ ಎಣ್ಣಿ ಹೆಸರಽ ಇಲ್ಲ. ಇನ್ನೊಮ್ಮೆ ಓದು.’

ಇನ್ನೊಮ್ಮೆ ಓದಿದೆ. ಈ ಸಲ ನನ್ನ ಕಿವಿಗೂ ಕೇಳಿಸಿತು. ‘ಹಚ್ಚಿದ ಮೇಲೆ - ೨’ ಇರಬೇಕಾದ ಕಡೆ ಎಣ್ಣೆಯ ‘ಹಚ್ಚಿದ ಮೇಲೆ - ೧’ ಬಂದು ಕುಳಿತಿತ್ತು. ಮೇಡಂ ಹೇಳಿದಂತೆ ತುಣುಕು ತನ್ನ ಕಾಲ ಮೇಲೆ ತಾನು ನಿಂತಿರಲಿಲ್ಲ, ಪಕ್ಕದ ಸಾಲಿನ ಹೆಗಲಿಗೆ ಕೈ ಹಾಕಿ ನಿಂತಿತ್ತು. ಪಕ್ಕದವನು ಬದಲಾದೊಡನೆ ಅದರ ಅರ್ಥವೂ ಬದಲಾಯಿತು.

‘ತಿರಗೂ ಅಲಗಿನ ಮ್ಯಾಲ ಕೈಬಟ್ಟ ಸವರಂತ ಬರದೀಯಲ್ಲೊ ಖೋಡಿ!’ ಎಂದಳು ಅವ್ವ. ‘ಯಾರ ಮನೀಗೆ ಹೋಗೇತಿ ಅದು?’

ಕಾರ್ಖಾನೆಗೆ ಓಡಿದೆ. ವೆಬ್‌ಸೈಟಿನಲ್ಲಿ ತಿದ್ದಲು ಒಂದು ನಿಮಿಷ ಹಿಡಿಯಲಿಲ್ಲ. ಮೊಬೈಲಿನ ಪುಟವೂ ತನಗೆ ತಾನೇ ಸರಿಯಾಯಿತು. ಆದರೆ ಮನೋಳಿಯ ಒಂದು ಮನೆಯಲ್ಲಿರುವ ಕಾಗದವನ್ನು ಬೈಲಹೊಂಗಲದಲ್ಲಿ ಕುಳಿತು ತಿದ್ದುವ ತಂತ್ರವನ್ನು ಮೇಡಂ ಕಲಿಸಿರಲಿಲ್ಲ. ಗಂಗವ್ವನವರು ಕೊಟ್ಟ ನಂಬರಿಗೆ ಫೋನು ಹಚ್ಚಿದೆ, ಎತ್ತಲಿಲ್ಲ. ನಾಲ್ಕು ಸಲ ಹಚ್ಚಿದೆ, ಎತ್ತಲಿಲ್ಲ. ಸಾವಕಾರ್ರಿಗೆ ವಿಷಯ ಹೇಳಿದೆ. ಅವರು ಬೈಯಲಿಲ್ಲ. ತಮ್ಮ ಬಲಗೈಯನ್ನು ಎತ್ತಿ ಒಂದು ಸಲ ನೋಡಿಕೊಂಡರು. ‘ಈಗಿಂದೀಗ ಹೋಗು. ಆ ಪುಸ್ತಕ ಕೈಯಾಗ ಹಿಡಕೊಂಡಽ ತಿರಗಿ ಬಾ’ ಎಂದರು. ತಿದ್ದಿದ ಪುಟಗಳನ್ನು ಆಫೀಸಿನ ಪ್ರಿಂಟರಿನಲ್ಲೇ ತೆಗೆದು, ಪಿನ್ನು ಹೊಡೆದುಕೊಂಡು ಹೊರಟೆ.

ಮನೋಳಿಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತ್ತು. ಬೇರೆ ದಿನವಾಗಿದ್ದರೆ ಕರಿ ಮಣ್ಣಿನ ಹೊಲಗಳನ್ನು ನೋಡುತ್ತ ನಿದ್ದೆ ಮಾಡುತ್ತಿದ್ದೆ. ಅವತ್ತು ಬಸ್ಸಿನ ಸರಳು ಹಿಡಿದವರ ಕೈಗಳೇ ಕಣ್ಣಿಗೆ ಬೀಳುತ್ತಿದ್ದವು. ಉಂಗುರದ ಬೆರಳು, ಸುಣ್ಣ ಹತ್ತಿದ ಬೆರಳು, ಟಿಕೆಟ್ ಹರಿಯುವ ಕಂಡಕ್ಟರನ ಬೆರಳು. ಓದುವವರಿಗೆ ಕಣ್ಣಿರುತ್ತದೆ ಎಂಬುದನ್ನಷ್ಟೇ ಯೋಚಿಸಿ ನಾನು ಇಷ್ಟು ವರ್ಷ ಬರೆದಿದ್ದೆ. ಹತ್ತು ಬೆರಳೂ ಇರುತ್ತವೆ ಎಂಬುದು ತಲೆಗೇ ಬಂದಿರಲಿಲ್ಲ. ನನ್ನ ಪುಸ್ತಕವನ್ನು ಯಾರೂ ಓದುವುದಿಲ್ಲ ಎಂದು ಎಷ್ಟೋ ಸಲ ಕೊರಗಿದ್ದವನು, ದೇವರೇ, ಈ ಒಂದು ಮನೆಯವರು ಓದದೇ ಇರಲಿ ಎಂದು ಬೇಡಿಕೊಂಡೆ.

ಗಂಗವ್ವನವರ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಅಂಗಳದಲ್ಲೇ ನಮ್ಮ ಹಸಿರು ಬಣ್ಣದ ಮಷೀನು, ಹಣೆಗೆ ವಿಭೂತಿ ಕುಂಕುಮ ಹಚ್ಚಿಸಿಕೊಂಡು ನಿಂತಿತ್ತು. ಅದರ ಪಕ್ಕದ ಕಟ್ಟೆಯ ಮೇಲೆ ಅರವತ್ತರ ಆಸುಪಾಸಿನ ಹೆಂಗಸು ಕುಳಿತಿದ್ದರು. ಬಲಗೈಯ ತೋರುಬೆರಳಿಗೆ ದಪ್ಪಗೆ ಚಿಂದಿ ಸುತ್ತಿತ್ತು.

‘ಅವ್ವಾರ... ಕೈಬಟ್ಟಿಗೆ ಏನಾತ್ರಿ?’ ಎಂದೆ.

‘ಏನಿಲ್ಲೋ ಯಪ್ಪಾ. ಅರಿಷಿಣ ಹಚ್ಚೇನಿ.’

‘ಮೋಟಾರ ಹಚ್ಚಿದ ಮ್ಯಾಲ ಆತೇನ್ರಿ?’

‘ಅರಿಷಿಣಕ್ಕ ಯಾಕ ಮೋಟಾರ ಹಚ್ಚತಾರೊ?’

‘ಅಲ್ರಿ, ಮಷೀನ ಹಚ್ಚಿದ ಮ್ಯಾಲ ಬಟ್ಟ ಹಚ್ಚಿದ್ರೇನು ಅಂತ ಕೇಳಿದೆ.’

‘ಉಳ್ಳಾಗಡ್ಡಿ ಹೆಚ್ಚೂವಾಗ ಇಳಿಗಿ ಹತ್ತೇತಿ. ನೀ ಯಾರ ಪೈಕಿ ತಮ್ಮಾ? ಕುಂದರು ಮೊದಲ, ನಿನ್ನ ಮಾರಿ ಬೆಳ್ಳಗಾಗೇತಿ.’

ಕುಳಿತೆ. ನೀರು ಕೊಟ್ಟರು. ಕಂಪನಿಯಿಂದ ಬಂದಿದ್ದೇನೆ, ಪುಸ್ತಕದಲ್ಲಿ ಒಂದು ಸಣ್ಣ ತಪ್ಪಾಗಿದೆ, ಬದಲಿ ಪುಸ್ತಕ ತಂದಿದ್ದೇನೆ ಎಂದೆ. ಗಂಗವ್ವನವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

‘ಸಣ್ಣದಾ?’ ಎಂದರು. ‘ನಮ್ಮ ಸೊಸಿ ಕೈ ಹಾಕಾಕಿದ್ಲು. ನಾ ಆಕೀನ ರಟ್ಟಿ ಹಿಡದ ಜಗ್ಗೇನಿ, ಬಳಿ ಒಡದಾವು.’

ಬಾಗಿಲಲ್ಲಿ ಸೊಸೆ ನಿಂತಿದ್ದಳು. ಶೋಭಾ ಎಂದು ಹೆಸರು. ಪಿಯುಸಿ ಓದಿದ ಹುಡುಗಿ. ಒಂದು ಕೈಯಲ್ಲಿ ಬಳೆ ಇರಲಿಲ್ಲ. ‘ಪುಸ್ತಕದಾಗ ಹಂಗಽ ಇತ್ರಿ ಸರ್’ ಎಂದು ಮೆಲ್ಲಗೆ ಹೇಳಿದಳು, ತಪ್ಪು ತನ್ನದೇ ಎಂಬಂತೆ. ನಾನು ಅವಳ ಬೆರಳುಗಳನ್ನು ನೋಡಿದೆ. ಎರಡು ಸಲ ನೋಡಿದೆ. ಎಲ್ಲವೂ ಇದ್ದವು. ಅಚ್ಚಾದ ಅಕ್ಷರ ಸುಳ್ಳು ಹೇಳುವುದಿಲ್ಲ ಎಂದು ನಂಬಿದ ಕೈ ಅದು. ಅಂಡಿಗೆಯ ಮೇಲಿನ ಅಕ್ಷರಗಳನ್ನು ನಮ್ಮಪ್ಪನೂ ಹಾಗೆಯೇ ನಂಬುತ್ತಿದ್ದ.

‘ಇದನ್ನ ಬರದಾವ ಯಾವ?’ ಎಂದರು ಗಂಗವ್ವನವರು.

‘ನಮ್ಮ ಆಫೀಸಿನ್ಯಾಗ ಒಬ್ಬಾವ ಅದಾನ್ರಿ.’

‘ಸಾಲಿ ಕಲತಾನೇನು?’

‘ಬಿಎ ಆಗೇತ್ರಿ.’

‘ನಪಾಸ?’

ಇದನ್ನು ಮಾತ್ರ ತಡೆದುಕೊಳ್ಳಲು ಆಗಲಿಲ್ಲ. ‘ಪಾಸ್ರಿ. ಫಸ್ಟ್ ಕ್ಲಾಸ್’ ಎಂದೆ.

‘ನಿನಗ ಭಾಳ ಬೇಕಾದಾವ ಕಾಣತಾನ.’

‘ನಾನಽ ರಿ ಅವ್ವಾರ’ ಎಂದೆ.

‘ಗೊತ್ತಾತು ಬಿಡು. ಮಂದಿ ತಪ್ಪಿಗೆ ಯಾರೂ ಇಷ್ಟ ಬೆವರೂದಿಲ್ಲ’ ಎಂದು ಸೊಸೆಗೆ ಚಹಾ ಇಡಲು ಹೇಳಿದರು.

ಪುಸ್ತಕ ದೇವರ ಜಗಲಿಯ ಮೇಲಿತ್ತು. ತೆಗೆದು ತೋರಿಸಿದರು. ನನ್ನ ಸಾಲಿನ ಮೇಲೆ ಪೆನ್ಸಿಲಿನಿಂದ ಗಟ್ಟಿಯಾಗಿ ಗೀಟು ಎಳೆದಿತ್ತು. ಅದರ ಕೆಳಗೆ, ಒಂದೊಂದು ಅಕ್ಷರವೂ ಜೋಳದ ಕಾಳಿನಷ್ಟು ದುಂಡಗೆ, ಹೀಗೆ ಬರೆದಿತ್ತು: ‘ಶೋಭಾ ಮಷೀನ ಹಚ್ಚಿದ ಮ್ಯಾಲ ನಿನ್ನ ಕೈ ನಿನ್ನ ಹಂತ್ಯಾಕ ಇರಲಿ.’

‘ನಾ ಬರದದ್ದು’ ಎಂದರು. ‘ನಾ ಸಾಲಿಗೆ ಹೋದಾಕಿ ಅಲ್ಲ. ಈಕಿ ಸೊಸಿಯಾಗಿ ಬಂದ ಮ್ಯಾಲ ಈಕೀನಽ ಕಲಿಸ್ಯಾಳ. ಈಕಿ ಪಟಪಟ ಓದತಾಳ, ಓದಿ ಮುಂದ ಹೋಗತಾಳ. ನಾ ಅಕ್ಷರಾ ಕೂಡಿಸಿ ಕೂಡಿಸಿ ಓದತೇನಿ. ಕೂಡಿಸೂದರಾಗ ಅದು ಏನ ಹೇಳಾಕ ಹತ್ತೇತಿ ಅಂತ ತಿಳೀತೈತಿ.’

ಹಳೆಯ ಪುಸ್ತಕ ಕೊಡಿ, ಹೊಸದು ಇಟ್ಟುಕೊಳ್ಳಿ ಎಂದೆ. ಒಪ್ಪಲಿಲ್ಲ. ‘ಹೊಸಾದೂ ಇಟಗೋತೀನಿ. ಹಳೇದ ಕೊಡಂಗಿಲ್ಲ. ಇದರಾಗ ನಂದೂ ಅಕ್ಷರ ಅದಾವು’ ಎಂದರು. ಆ ಮಾತಿಗೆ ಎದುರಾಡುವ ಶಕ್ತಿ ನನ್ನ ಡಿಗ್ರಿಗೆ ಇರಲಿಲ್ಲ. ಮೊಬೈಲಿನಲ್ಲಿ ಆ ಪುಟದ ಫೋಟೋ ತೆಗೆದುಕೊಂಡೆ. ಸಾವಕಾರ್ರಿಗೆ ಬೇಕಾಗಿದ್ದ ಪುಸ್ತಕ ಸಿಗಲಿಲ್ಲ, ಆದರೆ ಬೆರಳುಗಳೆಲ್ಲ ಜಾಗದಲ್ಲೇ ಇವೆ ಎಂಬ ಸುದ್ದಿ ಹೊತ್ತು ಬಸ್ ನಿಲ್ದಾಣಕ್ಕೆ ಬಂದೆ.

ಬಸ್ಸು ಬರಲು ತಡವಿತ್ತು. ಫೋಟೋ ತೆರೆದು ಮತ್ತೆ ಮತ್ತೆ ಓದಿದೆ. ‘ನಿನ್ನ ಕೈ ನಿನ್ನ ಹಂತ್ಯಾಕ ಇರಲಿ.’ ಕೈ ನಿನ್ನ ಹತ್ತಿರವೇ ಇರಲಿ, ಅಷ್ಟೇ. ಇಷ್ಟು ವರ್ಷದಲ್ಲಿ ನಾನು ಬರೆದ ಎಚ್ಚರಿಕೆಗಳಲ್ಲಿ ಇಂಥ ಒಂದು ಸಾಲಿಲ್ಲ. ನನ್ನವೆಲ್ಲ ‘ಸುರಕ್ಷತೆಯ ದೃಷ್ಟಿಯಿಂದ’ ಎಂದು ಶುರುವಾಗುವಂಥವು. ದೃಷ್ಟಿ ಎಲ್ಲಿಗೋ ಹೋಗುತ್ತದೆ, ಕೈ ಅಲ್ಲೇ ಉಳಿಯುತ್ತದೆ. ನಿಂತಲ್ಲೇ ಮೊಬೈಲಿನಿಂದ ನಮ್ಮ ತುಣುಕುಗಳ ಉಗ್ರಾಣವನ್ನು ತೆರೆದೆ. ಎಲ್ಲ ಯಂತ್ರಗಳಿಗೂ ಒಂದೇ ಆಗಿರುವ ‘ಎಚ್ಚರಿಕೆ’ ಎಂಬ ತುಣುಕಿನಲ್ಲಿ ನನ್ನ ಮೊದಲ ವಾಕ್ಯವನ್ನು ಅಳಿಸಿ, ಫೋಟೋ ನೋಡುತ್ತ ಈ ಸಾಲನ್ನು ಅಕ್ಷರ ಅಕ್ಷರವಾಗಿ ಇಳಿಸಿದೆ. ಭಕ್ತಿಯಿಂದ ಇಳಿಸಿದೆ. ಒಂದು ಸಲ ಒತ್ತಿದೆ, ಹನ್ನೊಂದು ಯಂತ್ರಗಳಿಗೂ ವೆಬ್‌ಸೈಟಿಗೂ ಹೋಯಿತು. ಅವ್ವನ ಮುಂದೆ ಓದಬೇಕೆನ್ನಿಸಲಿಲ್ಲ. ನಾನು ಬರೆದದ್ದನ್ನು ಓದಬೇಕೆಂದಲ್ಲವೇ ಅವಳ ಕಾನೂನು? ಇದು ನಾನು ಬರೆದದ್ದಲ್ಲವಲ್ಲ.

ಮೊನ್ನೆ ಸಾವಕಾರ್ರು ಒಳಗೆ ಕರೆದರು. ರಾಮದುರ್ಗದಲ್ಲಿ ನಮ್ಮ ಮಷೀನು ಮಾರುವ ಅಂಗಡಿಯವರು ಫೋನು ಮಾಡಿದ್ದರಂತೆ. ‘ಈ ಶೋಭಾ ಯಾರ್ರಿ, ನಿಮ್ಮ ಮಗಳೇನು? ಎಲ್ಲಾ ಗಿರಾಕಿ ಕೇಳಾಕ ಹತ್ಯಾರ’ ಎಂದರಂತೆ. ಆಮೇಲೆ ಕಟಕೋಳದಿಂದ ಒಬ್ಬ ಮುದುಕರದೂ ಫೋನು. ‘ನಮ್ಮ ಮನ್ಯಾಗ ಶೋಭಾ ಅನ್ನಾಕಿ ಯಾರೂ ಇಲ್ರಿ. ಆದರೂ ಇರಲಿ ಅಂತ ನಾವ ಎಲ್ಲಾರೂ ಕೈ ಹಿಂದಕ ಇಟಗೊಂಡೇವಿ’ ಎಂದರಂತೆ. ನಾನು ಗಡಬಡಿಸಿ ಕಂಪ್ಯೂಟರಿನಲ್ಲಿ ನೋಡಿದೆ. ಔಷಧದ ಪಂಪಿನಲ್ಲಿ ಶೋಭಾ, ಖಾರ ಕುಟ್ಟುವ ಮಷೀನಿನಲ್ಲಿ ಶೋಭಾ, ಮನೆಗಿರಣಿಯಲ್ಲಿ ಶೋಭಾ. ‘ಈಗ ತಗೀತೀನ್ರಿ, ಒಂದು ಸಲ ಒತ್ತಿದ್ರ ಮುಗೀತು’ ಎಂದೆ.

‘ತಗದಿ ಅಂದ್ರ ನೋಡ’ ಎಂದರು ಸಾವಕಾರ್ರು. ‘ಶೋಭಾ ಯಾರು ಅಂತ ಕೇಳೂ ನೆವದಾಗ ಮಂದಿ ಆ ಸಾಲ ಎರಡೆರಡು ಸಲ ಓದಾಕ ಹತ್ಯಾರ. ಇಷ್ಟು ವರ್ಷ ನೀ ಬರದದ್ರಾಗ ಇದೊಂದ ಛಲೋ ಬರದೀ. ಅದರಾಗೂ ಆ ಹೆಸರ ಹಾಕೀಯಲ್ಲ, ಅದು ನಿನ್ನ ಬುದ್ಧಿವಂತಿಕಿ.’

ಸಾಲು ಗಂಗವ್ವನವರದು, ಹೆಸರು ಅವರ ಸೊಸೆಯದು. ಅದರಲ್ಲಿ ನನ್ನದು ಅಂತ ಇದ್ದರೆ ಹೆಸರನ್ನೂ ಬಿಡದೆ ನಕಲು ಮಾಡಿದ ಆ ತಪ್ಪು ಒಂದೇ. ಇದನ್ನೆಲ್ಲ ಸಾವಕಾರ್ರಿಗೆ ಬಿಡಿಸಿ ಹೇಳಬೇಕೆಂದು ಬಾಯಿ ತೆರೆದೆ. ಒಂದು ಸಲ ಕೆಮ್ಮು ಬಂತು. ಕೆಮ್ಮಿ, ‘ಹೌದ್ರಿ’ ಎಂದು ಹೊರಗೆ ಬಂದೆ.